ಮೂರನೆಯ ಊರು: ಸೋಪಾರ, ವಸಾಯಿ ಮತ್ತು ನಮ್ಮ ಮುಂಬಯಿ ಬರಹ

ಮುಂಬಯಿಗೆ ಬಂದ ಹೊಸದರಲ್ಲಿ ಮೂರು ವರ್ಷ ನಾನು ನಾಲಾಸೋಪಾರದಲ್ಲಿದ್ದೆ. ಯಾರಾದರೂ ‘ಎಲ್ಲಿರೋದು?’ ಎಂದು ಕೇಳಿದರೆ ‘ಬೋರಿವಲಿ ಆಚೆ’ ಅನ್ನುತ್ತಿದ್ದೆ. ಅದು ಸುಳ್ಳೇನಲ್ಲ. ಬೋರಿವಲಿಯ ಆಚೆ ಗುಜರಾತೂ ಇದೆ. ಕೆಲಸ ಗಟ್ಟಿಯಾದ ಮೇಲೆ ಗೋರೆಗಾಂವಿಗೆ ಮನೆ ಬದಲಾಯಿಸಿದೆ. ಆಮೇಲೆ ಆ ಮೂರು ವರ್ಷಗಳ ಬಗ್ಗೆ ಮಾತು ಬಂದರೆ ಬರೀ ರೈಲಿನ ಕಥೆ ಹೇಳುತ್ತಿದ್ದೆ: ವಿರಾರ್ ಫಾಸ್ಟಿನಲ್ಲಿ ಜೋತುಬಿದ್ದದ್ದು, ಬೋರಿವಲಿಯಲ್ಲಿ ಇಳಿಯಲಾಗದೆ ಮುಂದೆ ಹೋದದ್ದು. ಊರಿನ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ವಾಕ್ಯವೂ ಇರಲಿಲ್ಲ.

ಈ ಸಲ ಸಂಕ್ರಾಂತಿ ಮುಗಿಸಿ ಅಪ್ಪ ಗದಗಿನಿಂದ ಬಂದಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದು ನಿವೃತ್ತರಾದವರು. ಗೇಟ್‌ವೇ, ಸಿದ್ಧಿವಿನಾಯಕ, ಜುಹು ಎಲ್ಲ ಹಿಂದಿನ ಸಲಗಳಲ್ಲೇ ಮುಗಿದಿದ್ದವು. ‘ನೀ ಮೊದಲ ಇದ್ದ ಊರು ತೋರಸು’ ಅಂದರು. ‘ಅಲ್ಲೇನೈತಪಾ ನೋಡಾಕ’ ಅಂದೆ. ‘ಏನೈತಿ ಅನ್ನೂದನ್ನ ನೋಡಿ ಬರೂಣು’ ಅಂದರು. ಹಾಗೆ ಒಂದು ಭಾನುವಾರ ಬೆಳಿಗ್ಗೆ ವಿರಾರ್ ಕಡೆಯ ಲೋಕಲ್ ಹತ್ತಿದೆವು. ಕಿಟಕಿಯ ಸೀಟು ಸಿಕ್ಕಿತು. ಭಾಯಂದರ್ ದಾಟಿ ಖಾಡಿಯ ಮೇಲೆ ಗಾಡಿ ಓಡುವಾಗ ಎರಡೂ ಬದಿ ನೀರು ಹೊಳೆಯುತ್ತಿತ್ತು. ಮೂರು ವರ್ಷ ದಿನಕ್ಕೆರಡು ಸಲ ಆ ನೀರು ದಾಟಿದ್ದೆ. ಆದರೆ ಅದನ್ನು ನೋಡಿದ್ದು ಅವತ್ತೇ, ಯಾಕೆಂದರೆ ಅವತ್ತೇ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ.

ನಾಲಾಸೋಪಾರ ಅಂದರೆ ನಾಲೆ ಎಂಬ ಹಳ್ಳಿ ಮತ್ತು ಸೋಪಾರ ಎಂಬ ಊರು, ಎರಡೂ ಕೂಡಿದ ಸ್ಟೇಶನ್ನಿನ ಹೆಸರು. ನಾನಿದ್ದದ್ದು ಪೂರ್ವಕ್ಕೆ, ಚಾಳುಗಳ ಕಡೆ. ಹಳೆಯ ಸೋಪಾರ ಇರುವುದು ಪಶ್ಚಿಮಕ್ಕೆ. ರಿಕ್ಷಾದವನಿಗೆ ‘ಸ್ತೂಪ’ ಅಂದರೆ ತಿಳಿಯಿತು. ಬೇಲಿಯ ಒಳಗೆ ಮರಗಳು, ಹುಲ್ಲು, ನಡುವೆ ಇಟ್ಟಿಗೆಯ ದಿಬ್ಬ. ಬಿಳಿ ಬಟ್ಟೆ ಉಟ್ಟ ಒಂದು ಕುಟುಂಬ ಕೈಮುಗಿದು ಕೂತಿತ್ತು. ಬೇರೆ ಯಾರೂ ಇರಲಿಲ್ಲ.

ಸ್ಥಳೀಯರು ಈ ದಿಬ್ಬವನ್ನು ‘ಬುರುಡ ರಾಜಾಚೆ ಕೋಟ’ ಎಂದು ಕರೆಯುತ್ತಿದ್ದರು. ಬುರುಡರು ಅಂದರೆ ನಮ್ಮಲ್ಲಿಯ ಮೇದಾರರು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವವರು. ಸೋಪಾರದ ಸಂಸ್ಕೃತ ಹೆಸರು ಶೂರ್ಪಾರಕ. ಶೂರ್ಪ ಅಂದರೆ ಮೊರ. ಅಪ್ಪ ಇದನ್ನು ಕೇಳಿದ ಕೂಡಲೇ ನಕ್ಕರು. ‘ಅಂದರ ಇದು ಮೇದಾರ ರಾಜನ ಕೋಟಿ. ಮೇದಾರ ಕೇತಯ್ಯಗ ಯಾರೂ ಕೋಟಿ ಕಟ್ಟಲಿಲ್ಲ, ಇಲ್ಲೆ ಕಟ್ಟ್ಯಾರ ನೋಡು.’

1882ರಲ್ಲಿ ಈ ದಿಬ್ಬವನ್ನು ಅಗೆಸಿದವರು ಭಗವಾನ್‌ಲಾಲ್ ಇಂದ್ರಜಿ. ಮಾಟುಂಗದಲ್ಲಿ ನಮ್ಮ ಮೈಸೂರು ಅಸೋಸಿಯೇಶನ್ ಇರುವ ರಸ್ತೆಗೆ ಯಾರ ಹೆಸರಿದೆಯೋ ಆ ಭಾವು ದಾಜಿಯವರ ಸಹಾಯಕರಾಗಿ ದೇಶವೆಲ್ಲ ತಿರುಗಿ ಶಾಸನಗಳ ಪ್ರತಿ ಎತ್ತಿದವರು. ಆ ರಸ್ತೆಯಲ್ಲಿ ನಾಟಕ ನೋಡಲು, ಪುಸ್ತಕ ಬಿಡುಗಡೆಗೆ ಎಷ್ಟೋ ಸಲ ನಡೆದಿದ್ದೇನೆ. ಅದರ ಇನ್ನೊಂದು ತುದಿ ಸೋಪಾರಕ್ಕೆ ಮುಟ್ಟುತ್ತದೆ ಎಂಬುದು ಗೊತ್ತಿರಲಿಲ್ಲ. ದಿಬ್ಬದ ನಡುವೆ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಎಂಟು ಪುಟ್ಟ ಬುದ್ಧಮೂರ್ತಿಗಳು, ನಡುವೆ ತಾಮ್ರದ ಕರಡಿಗೆ. ಅದರೊಳಗೆ ಬೆಳ್ಳಿಯದು, ಅದರೊಳಗೆ ಕಲ್ಲಿನದು, ಸ್ಫಟಿಕದ್ದು, ಕೊನೆಗೆ ಬಂಗಾರದ್ದು. ಬಂಗಾರದ ಹೂಗಳೂ ಇದ್ದವು. ಎಲ್ಲಕ್ಕೂ ಒಳಗೆ ಏನಿತ್ತು? ಮಣ್ಣಿನ ಪಾತ್ರೆಯ ಕೆಲವು ಚೂರು. ಬುದ್ಧನ ಭಿಕ್ಷಾಪಾತ್ರೆಯದೆಂದು ಯಾರೋ ನಂಬಿ ಇಟ್ಟದ್ದು. ಇದನ್ನು ಹೇಳುವಾಗ ಅಪ್ಪನ ಕೈ ತಾನಾಗಿಯೇ ಎದೆಯ ಮೇಲಿನ ಕರಡಿಗೆಗೆ ಹೋಯಿತು.

ಅದೇ ವರ್ಷ, ಹತ್ತಿರದ ಕೆರೆಯ ಬಳಿ ಅವರಿಗೆ ಇನ್ನೊಂದು ಚೂರು ಸಿಕ್ಕಿತು. ಅಶೋಕನ ಎಂಟನೆಯ ಶಿಲಾಶಾಸನದ ತುಂಡು. ಮುಂದೆ 1956ರಲ್ಲಿ ಭುಯಿಗಾಂವ್‌ನಲ್ಲಿ ಒಂಬತ್ತನೆಯ ಶಾಸನದ ತುಂಡೂ ಸಿಕ್ಕಿತು. ಮಸ್ಕಿ, ಬ್ರಹ್ಮಗಿರಿ, ಕೊಪ್ಪಳ, ಸನ್ನತಿಗಳನ್ನು ಪಾಠದಲ್ಲಿ ಕಲಿಸಿದ ಮಾಸ್ತರರ ಮಗ ಅಶೋಕನ ಊರಿನಲ್ಲಿ ಮೂರು ವರ್ಷ ಬಾಡಿಗೆಗೆ ಇದ್ದು, ಅದು ಗೊತ್ತಿಲ್ಲದೆ ಹೊರಟುಹೋಗಿದ್ದ. ‘ಅಲ್ಲೋ, ಇಲ್ಲೇ ಇದ್ದಿ, ಒಂದ ದಿನಾನೂ ಈ ಕಡೆ ಬರಲಿಲ್ಲಾ?’ ಎಂದು ಅಪ್ಪ ಕೇಳಿದರು. ಬೈದದ್ದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ್ದು. ಭಾನುವಾರ ಬಟ್ಟೆ ಒಗೆಯುತ್ತಿದ್ದೆ, ಮಲಗುತ್ತಿದ್ದೆ ಅಂದೆ. ಅದು ನಿಜವೇ.

ಈಗ ಆ ಕರಡಿಗೆಗಳು ಫೋರ್ಟಿನ ಟೌನ್‌ಹಾಲ್‌ನಲ್ಲಿ, ಏಷಿಯಾಟಿಕ್ ಸೊಸೈಟಿಯಲ್ಲಿವೆ. ಎಂಟನೆಯ ಶಾಸನದ ತುಂಡು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿದೆ. ಸೋಪಾರದ ಜನರ ಹಾಗೆ ಸೋಪಾರದ ಕಲ್ಲೂ ಚರ್ಚ್‌ಗೇಟ್ ಫಾಸ್ಟ್ ಹಿಡಿದಿತ್ತು. ಜನರು ರಾತ್ರಿ ಮರಳುತ್ತಾರೆ, ಕಲ್ಲು ಮರಳಲಿಲ್ಲ.

ಈ ಬರಹಕ್ಕೆ ಕಾರಣವಾದದ್ದು ಆ ಎಂಟನೆಯ ಶಾಸನದ ವಿಷಯ. ಹಿಂದಿನ ಅರಸರು ವಿಹಾರಯಾತ್ರೆಗೆ, ಬೇಟೆಗೆ, ಮೋಜಿಗೆ ಹೋಗುತ್ತಿದ್ದರು ಎಂದು ಅದು ಶುರುವಾಗುತ್ತದೆ. ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ ಅಶೋಕ ಬೋಧಿಯ ಸ್ಥಳಕ್ಕೆ ಹೋದ. ಅಲ್ಲಿಂದ ಮುಂದೆ ಅವನ ಯಾತ್ರೆ ಧರ್ಮಯಾತ್ರೆಯಾಯಿತು. ಅದರಲ್ಲಿ ಏನು ಮಾಡುವುದು ಎಂಬ ಪಟ್ಟಿಯೂ ಇದೆ: ಶ್ರಮಣ ಬ್ರಾಹ್ಮಣರನ್ನು ಕಾಣುವುದು, ಮುದುಕರನ್ನು ಕಾಣುವುದು, ದಾನ ಕೊಡುವುದು, ನಾಡಿನ ಜನರನ್ನು ಕಂಡು ಧರ್ಮದ ಮಾತಾಡುವುದು. ಕೊನೆಗೆ, ಇದರಿಂದ ಸಿಗುವ ಸಂತೋಷವೇ ಹೆಚ್ಚು ಎಂದೂ ಹೇಳುತ್ತಾನೆ. ಅವನು ಸಂತೋಷವನ್ನು ಬಿಡು ಅನ್ನಲಿಲ್ಲ. ಸಂತೋಷ ಎಲ್ಲಿಂದ ಬರಬೇಕು ಎಂಬುದನ್ನು ಬದಲಿಸಿದ.

ಪ್ರವಾಸದ ಬರಹವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ಸಿಕ್ಕಿಲ್ಲ. ನಮ್ಮ ಪುರವಣಿಗಳಲ್ಲಿ, ಫೋನಿನ ಪರದೆಯಲ್ಲಿ ‘ಒಂದು ದಿನದ ಪ್ರವಾಸ’ ಎಂಬ ಹೆಸರಿನಲ್ಲಿ ಬರುವುದೆಲ್ಲ ವಿಹಾರಯಾತ್ರೆ. ಹೋಗುವುದು ಹೇಗೆ, ತಿನ್ನುವುದು ಏನು, ಫೋಟೋ ಎಲ್ಲಿ ಚೆನ್ನಾಗಿ ಬರುತ್ತದೆ. ಇವು ಬೇಡದ ಮಾಹಿತಿ ಅನ್ನಲಾರೆ, ನಾನೂ ಓದಿಕೊಂಡೇ ಹೋದವನು. ಆದರೆ ಇಂಥ ಬರಹದಲ್ಲಿ ಊರಿನವರು ಇರುವುದೇ ಇಲ್ಲ. ಊರು ಖಾಲಿ ಇರುತ್ತದೆ, ನಮಗಾಗಿ ಕಾಯುತ್ತಿರುತ್ತದೆ, ‘ಯಾರೂ ನೋಡದ ತಾಣ’ ಆಗಿರುತ್ತದೆ. ವಸಾಯಿ-ವಿರಾರ್ ಯಾರೂ ನೋಡದ ತಾಣವಾಗುವುದು ಹೇಗೆ? 1867ರಲ್ಲೇ ವಿರಾರ್‌ನಿಂದ ಮುಂಬಯಿಗೆ ಲೋಕಲ್ ಶುರುವಾಗಿದೆ. 2009ರಿಂದ ಅದಕ್ಕೆ ತನ್ನದೇ ಮಹಾನಗರಪಾಲಿಕೆ ಇದೆ. ದಿನವೂ ಲಕ್ಷಗಟ್ಟಲೆ ಜನ ಕಣ್ಣು ತೆರೆಯುವುದು ಅಲ್ಲೇ. ಕಣ್ಣು ತೆರೆಯುವ ಊರನ್ನೇ ನಾವು ನೋಡುವುದಿಲ್ಲ ಎಂದರೆ ದೋಷ ಊರಿನದಲ್ಲ.

ಸೋಪಾರದಿಂದ ವಸಾಯಿ ರೋಡ್ ಒಂದೇ ಸ್ಟೇಶನ್. ಅಲ್ಲಿಂದ ರಿಕ್ಷಾದಲ್ಲಿ ಕೋಟೆಗೆ ಹೋದೆವು. ದಾರಿಯಲ್ಲಿ ಕಟ್ಟಡಗಳು ತೆಳುವಾಗಿ ಬಾಳೆ, ತೆಂಗು, ಬಾವಿ, ಹಂಚಿನ ಮನೆ, ಇಗರ್ಜಿ ಕಾಣಿಸತೊಡಗಿದವು. ಒಂದು ಅಂಗಡಿಯಲ್ಲಿ ಸುಕೇಳಿ ಕೊಂಡೆವು. ಬಾಳೆಹಣ್ಣನ್ನು ಬಿಸಿಲಲ್ಲಿ ಒಣಗಿಸಿದ್ದು, ಅಂಟು, ಜೇನಿನ ಬಣ್ಣ. ಅಂಗಡಿಯ ಅಜ್ಜಿ ಅಪ್ಪನಿಗೆ ಮರಾಠಿಯಲ್ಲಿ ಒಣಗಿಸುವ ಬಗೆ ಹೇಳಿದರು. ಅಪ್ಪ ಗದಗಿನ ಕನ್ನಡದಲ್ಲೇ ತಲೆಯಾಡಿಸಿದರು. ಇಬ್ಬರಿಗೂ ತಿಳಿಯಿತು.

ಕೋಟೆಯೊಳಗೆ ನೆರಳು, ಗಾಳಿ, ಮಾಡಿಲ್ಲದ ಇಗರ್ಜಿಗಳು, ಗೋಡೆಯಲ್ಲಿ ಬೇರಿಳಿಸಿದ ಅರಳಿ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದ ಎರಡು ಜೋಡಿ. ಹಿಂದಿ ಸಿನಿಮಾಗಳಿಗೂ, 2016ರಲ್ಲಿ ಕೋಲ್ಡ್‌ಪ್ಲೇ ತಂಡದ ಹಾಡಿಗೂ ಈ ಗೋಡೆಗಳು ಹಿನ್ನೆಲೆಯಾಗಿವೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಶಹ ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಆ ಒಪ್ಪಂದದಲ್ಲಿ ವಸಾಯಿಯ ಜೊತೆಗೆ, ಅದರ ಬಾಲದ ಹಾಗೆ, ಮುಂಬಯಿಯ ದ್ವೀಪಗಳೂ ಹೋದವು. ಅಂದರೆ ಸುಮಾರು 125 ವರ್ಷ ಮುಂಬಯಿಯೇ ವಸಾಯಿಯ ಉಪನಗರವಾಗಿತ್ತು. 1661ರಲ್ಲಿ ಆ ದ್ವೀಪಗಳು ಇಂಗ್ಲೆಂಡಿನ ಅರಸನಿಗೆ ವರದಕ್ಷಿಣೆಯಾದ ಮೇಲೆ ಲೆಕ್ಕ ತಿರುಗಲು ಶುರುವಾಯಿತು. 1739ರಲ್ಲಿ ಚಿಮಾಜಿ ಅಪ್ಪ ಕೋಟೆ ಗೆದ್ದ. ಇಗರ್ಜಿಗಳ ಗಂಟೆಗಳು ದೇವಸ್ಥಾನಗಳಿಗೆ ಹೋದವು. ನಾಶಿಕದ ನಾರೋಶಂಕರ ದೇವಸ್ಥಾನದಲ್ಲಿ ಅಂಥದ್ದೊಂದು ಈಗಲೂ ತೂಗುತ್ತಿದೆ.

ಆಮೇಲಿನದ್ದು ನಮಗೇ ಸಂಬಂಧಿಸಿದ್ದು. 1802ರ ಡಿಸೆಂಬರ್ 31ರಂದು, ಹೋಳ್ಕರನಿಗೆ ಹೆದರಿ ಪುಣೆ ಬಿಟ್ಟು ಬಂದಿದ್ದ ಎರಡನೆಯ ಬಾಜೀರಾವ್ ಇಲ್ಲಿ, ವಸಾಯಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿಯ ಸೈನ್ಯವನ್ನು ತನ್ನ ನೆಲದಲ್ಲಿ ಇರಿಸಿಕೊಳ್ಳಲು ಒಪ್ಪಿದ. 1818ರ ಹೊತ್ತಿಗೆ ಪೇಶ್ವೆಯ ಆಳ್ವಿಕೆಯೇ ಮುಗಿಯಿತು. ಧಾರವಾಡದ ಸೀಮೆ ಕಂಪನಿಯ ಕೈಗೆ ಬಂದು ಮುಂಬಯಿ ಪ್ರಾಂತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡವೂ ಮದರಾಸಿನಿಂದ ಮುಂಬಯಿಗೆ ಬಂತು. ನಮ್ಮ ಅಜ್ಜಂದಿರ ದಾಖಲೆಗಳಲ್ಲಿ ‘ಮುಂಬಯಿ ಇಲಾಖೆ’ ಇರುವುದು, ಕಲಿಯಲು, ದುಡಿಯಲು ಆ ಸೀಮೆಯವರು ಮೈಸೂರಿಗಿಂತ ಮೊದಲು ಮುಂಬಯಿಯ ಕಡೆ ಮುಖ ಮಾಡಿದ್ದು ಈ ದಾರಿಯಿಂದ. 2021ರಲ್ಲಿ ‘ಮುಂಬಯಿ ಕರ್ನಾಟಕ’ವನ್ನು ‘ಕಿತ್ತೂರು ಕರ್ನಾಟಕ’ ಎಂದು ಕರೆದೆವು. ಹೆಸರು ಹೋಯಿತು, ದಾರಿ ಹೋಗಲಿಲ್ಲ. ‘ಅಂದರ ನಿನ್ನ ನೌಕರಿ ಇಲ್ಲೇ ಸಹಿ ಆಗಿತ್ತು’ ಎಂದು ಅಪ್ಪ ಕಲ್ಲಿನ ಮೇಲೆ ಕೂತು ಸುಕೇಳಿ ಬಿಡಿಸಿದರು.

ಹಾಳು ಕೋಟೆಯ ಬಗ್ಗೆ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ವಿ.ಸೀ. ಅವರ ‘ಪಂಪಾಯಾತ್ರೆ’ಯಿಂದ ನಮಗೊಂದು ದಾರಿ ಸಿಕ್ಕಿದೆ: ಹಂಪಿಯ ಕಲ್ಲು ಕಂಡರೆ ಮನಸ್ಸು ತಾನಾಗಿ ಮರುಗುತ್ತದೆ, ಯಾಕೆಂದರೆ ಕಳೆದುಕೊಂಡದ್ದು ‘ನಾವು’. ವಸಾಯಿಯಲ್ಲಿ ಆ ಅನುಕೂಲವಿಲ್ಲ. ಸೋತ ಪೋರ್ಚುಗೀಸರಿಗಾಗಿ ನಾನು ಅಳಲಾರೆ, ಗೆದ್ದ ಪೇಶ್ವೆಗಾಗಿ ಹಿಗ್ಗಲೂ ಆಗಲಿಲ್ಲ. ಇದೇ ಊರಿನಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ 1597ರಲ್ಲಿ ನಾಗಾಸಾಕಿಯಲ್ಲಿ ಶಿಲುಬೆಗೇರಿ, 1862ರಲ್ಲಿ ಸಂತನಾದ. ಅವನನ್ನು ನೆನೆಯುವ ಕ್ರೈಸ್ತ ಕುಟುಂಬಗಳಿಗೆ ಇದು ಹಾಳಲ್ಲ, ಪೂಜೆಯ ಸ್ಥಳ. ಫೋಟೋದ ಜೋಡಿಗೆ ಇದು ಬರೀ ಬೆಳಕು. ಇಲ್ಲಿ ‘ನಾವು’ ಎಂಬ ಒಂದೇ ದನಿಯಲ್ಲಿ ಬರೆಯಲು ಬರುವುದಿಲ್ಲ. ಇಂಥ ಊರನ್ನು ಬರೆಯುವುದು ಕಷ್ಟವಾಗುವುದು ಇದಕ್ಕೇ.

ಈಗ ನಮ್ಮ ಮುಂಬಯಿ ಸಾಹಿತ್ಯದ ಮಾತಿಗೆ ಬರುತ್ತೇನೆ. ಕನ್ನಡದ ಹೊರಗೆ ಕನ್ನಡ ಇಷ್ಟು ಗಟ್ಟಿಯಾಗಿ ಬೆಳೆದ ಊರು ಇನ್ನೊಂದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಇಲ್ಲದೆ ದೊಡ್ಡ ಕಂಪನಿಯೊಳಗಿನ ಭಯ ಏನೆಂದು ಕನ್ನಡಕ್ಕೆ ತಿಳಿಯುತ್ತಿರಲಿಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇಲ್ಲಿಯ ಕಾರ್ಮಿಕರ ಜಗತ್ತನ್ನು ಕಾದಂಬರಿಗೆ ತಂದಿತು. ಜಯಂತ ಕಾಯ್ಕಿಣಿಯವರ ಕಥೆಗಳು ಸಿನಿಮಾ ಥಿಯೇಟರಿನ ಕಸಗುಡಿಸುವವನನ್ನೂ, ಮದುವೆಯ ಕುದುರೆಯನ್ನೂ ನಮ್ಮ ನೆಂಟರನ್ನಾಗಿ ಮಾಡಿದವು. ನಾನು ಮುಂಬಯಿಗೆ ಬರುವ ಮೊದಲೇ ಮುಂಬಯಿಯನ್ನು ಕಂಡದ್ದು ಇವರ ಕಣ್ಣಿನಿಂದ. ಈ ಸಾಲ ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ನಾನು ಓದಿದ ಮಟ್ಟಿಗೆ, ಮುಂಬಯಿ ಕನ್ನಡ ಸಾಹಿತ್ಯ ಮುಖ್ಯವಾಗಿ ಎರಡು ಊರುಗಳ ಸಾಹಿತ್ಯ. ಒಂದು, ಬಿಟ್ಟುಬಂದ ಊರು. ಚಿತ್ತಾಲರಿಗೆ ಹನೇಹಳ್ಳಿ, ಕಾಯ್ಕಿಣಿಯವರಿಗೆ ಗೋಕರ್ಣ. ಇನ್ನೊಂದು, ದುಡಿಯುವ ಮುಂಬಯಿ: ಆಫೀಸು, ಫೋರ್ಟು, ಚಾಳು, ಲೋಕಲ್ಲು. ಬಿಟ್ಟುಬಂದ ಊರಿಗೆ ನೆನಪು ಇದೆ, ದೈವ ಇದೆ, ಹೊಳೆಗೂ ಹೆಸರಿದೆ. ಮುಂಬಯಿಗೆ ವೇಗ ಇದೆ, ಗಾಯ ಇದೆ. ಇವೆರಡರ ನಡುವೆ ಮೂರನೆಯ ಊರೊಂದಿದೆ. ನಾವು ಬಾಡಿಗೆ ಕಟ್ಟುವ, ಮಲಗುವ, ಮಕ್ಕಳನ್ನು ಶಾಲೆಗೆ ಸೇರಿಸುವ ಊರು. ನಾಲಾಸೋಪಾರ, ವಸಾಯಿ, ಡೊಂಬಿವಲಿ, ಕಲ್ಯಾಣ, ಅಂಬರನಾಥ. ಈ ಊರುಗಳು ಕಥೆಯಲ್ಲಿ ಬಂದರೂ ಹೆಚ್ಚಾಗಿ ದೂರದ ಅಳತೆಯಾಗಿ ಬರುತ್ತವೆ. ‘ಅವನು ವಿರಾರ್‌ನವನು’ ಎಂದರೆ ದಣಿದವನು, ಬಾಡಿಗೆ ಕೊಡಲಾರದವನು. ಈ ಊರುಗಳಿಗೆ ನಿನ್ನೆ ಇತ್ತು ಎಂಬುದು ಬರಹಕ್ಕೆ ಬೇಕಾಗುವುದೇ ಇಲ್ಲ.

ಬಹಳ ಹಳೆಯ ನಿನ್ನೆ ಅದು, ಮತ್ತು ನಮ್ಮಿಂದ ದೂರದ್ದೂ ಅಲ್ಲ. ಬೋರಿವಲಿಯ ಕನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ಸೋಪಾರದವರು, ಕಲ್ಯಾಣದವರು ಇದ್ದಾರೆ. ಅದೇ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಅಮೋಘವರ್ಷನ ಹೆಸರೂ ಇದೆ. ‘ಕವಿರಾಜಮಾರ್ಗ’ದ ನೃಪತುಂಗನೇ ಈತ. ಅವನ ಸಾಮಂತರಾದ ಶಿಲಾಹಾರರು ಈ ಕೊಂಕಣವನ್ನು ಆಳುತ್ತಿದ್ದರು. ಅದೇ ವಂಶದ ಕಾಲದಲ್ಲಿ, 1060ರಲ್ಲಿ, ಅಂಬರನಾಥದ ಶಿವಾಲಯ ಎದ್ದಿತು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ಆ ಅರಸನ ಹೆಸರು ನಮ್ಮ ಲೋಕಲ್ ಪಾಸಿನ ದೂರದಲ್ಲೇ ಕೆತ್ತಿದೆ ಎಂದು ಭಾಷಣಕಾರರು ಹೇಳಿದ್ದು ನಾನು ಕೇಳಿಲ್ಲ. ಇದನ್ನು ‘ಇದೂ ನಮ್ಮದೇ ನೆಲ’ ಎಂದು ಹಕ್ಕು ಸಾಧಿಸಲು ಹೇಳುತ್ತಿಲ್ಲ. ಬಾಡಿಗೆದಾರನಿಗೆ ಮನೆಯ ಇತಿಹಾಸ ಗೊತ್ತಿದ್ದರೆ ಮನೆ ಅವನದಾಗುವುದಿಲ್ಲ. ಆದರೆ ಗೋಡೆಗೆ ಮೊಳೆ ಹೊಡೆಯುವಾಗ ಅವನ ಕೈ ಸ್ವಲ್ಪ ತಡೆಯುತ್ತದೆ.

ಇದಕ್ಕೆ ಎದುರು ಮಾತು ಇದೆ, ಅದು ಗಟ್ಟಿಯಾದದ್ದೂ ಹೌದು. ಕಥೆಗಾರ ಭೂಗೋಳದ ಮಾಸ್ತರನಲ್ಲ. ಚಿತ್ತಾಲರ ಮುಂಬಯಿ ಮನಸ್ಸಿನೊಳಗಿನ ಮುಂಬಯಿ. ಅಲ್ಲಿ ಸ್ತೂಪ ಎಲ್ಲಿದೆ ಎಂದು ಕೇಳುವುದು ಅರಸಿಕತನ. ಕಾಯ್ಕಿಣಿಯವರ ಕಥೆಗಳು ಊರಿನ ಹಿಂದುಮುಂದು ಬಿಟ್ಟು, ಅಪರಿಚಿತರ ನಡುವೆ ಹುಟ್ಟುವ ನಂಟನ್ನೇ ಊರು ಎನ್ನುತ್ತವೆ. ಅದೇ ಅವರ ಶಕ್ತಿ. ಇದನ್ನೆಲ್ಲ ಒಪ್ಪುತ್ತೇನೆ. ನನ್ನ ತಕರಾರು ಅವರ ಮೇಲಲ್ಲ, ಅವರ ನಂತರ ಬಂದ ನಮ್ಮ ಮೇಲೆ. ಅವರು ತಮ್ಮ ಕಾಲದ ವಲಸೆಯನ್ನು ಬರೆದರು. ನಾವು ನಮ್ಮದನ್ನು ಬರೆಯದೆ ಅವರ ಮುಂಬಯಿಯನ್ನೇ ಮತ್ತೆ ಬರೆಯುತ್ತಿದ್ದೇವೆ. ಈಗ ಬರುವ ಹುಡುಗರಿಗೆ ಖೇತವಾಡಿಯ ಚಾಳಿಲ್ಲ, ಬಾಂದ್ರಾದ ಕಡಲಂಚು ಕೈಗೆಟಕುವುದಿಲ್ಲ. ಅವರು ಇಳಿಯುವುದು ವಸಾಯಿ ರೋಡಿನಲ್ಲಿ. ಆದರೆ ಅವರ ಕವಿತೆಯಲ್ಲಿ ಮಾತ್ರ ಮರೀನ್ ಡ್ರೈವ್‌ನ ದೀಪಗಳು ಉರಿಯುತ್ತಿರುತ್ತವೆ. ನನ್ನ ಕವಿತೆಯಲ್ಲೂ ಉರಿದಿವೆ. ನಾಲಾಸೋಪಾರದ ಖೋಲಿಯಲ್ಲಿ, ನೀರು ಬರುವ ಹೊತ್ತಿಗೆ ಕಾಯುತ್ತ ಕೂತು ಬರೆದ ಕವಿತೆಯದು.

ಆ ನೀರಿನ ವಿಷಯವನ್ನೇ ಮರಾಠಿಯಲ್ಲಿ ಒಬ್ಬರು ಬರೆದರು, ಬೀದಿಗೂ ಇಳಿದರು. ವಸಾಯಿಯ ಪಾದ್ರಿ, ಲೇಖಕ ಫ್ರಾನ್ಸಿಸ್ ದಿಬ್ರಿಟೊ. ಹೊಸ ಕಟ್ಟಡಗಳಿಗಾಗಿ ಹಸಿರು ಅಳಿಯುವುದರ ವಿರುದ್ಧ, ಹಳ್ಳಿಯ ಬಾವಿಗಳ ನೀರನ್ನು ಟ್ಯಾಂಕರಿನಲ್ಲಿ ಸಾಗಿಸುವುದರ ವಿರುದ್ಧ ದನಿಯೆತ್ತಿದವರು. 2020ರಲ್ಲಿ ಉಸ್ಮಾನಾಬಾದ್‌ನಲ್ಲಿ ನಡೆದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕೊಳ್ಳುವ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದವನು ನಾನು. ಆ ನೀರು ಎಲ್ಲಿಯದು ಎಂದು ಒಂದು ದಿನವೂ ಕೇಳಿರಲಿಲ್ಲ. ದಿಬ್ರಿಟೊ ಮೂಲನಿವಾಸಿಯ ಕಡೆಯಿಂದ ಬರೆದರು. ಅದೇ ಕಥೆಯ ಇನ್ನೊಂದು ಕಡೆ, ಆ ಕಟ್ಟಡಕ್ಕೆ ಬಂದು ಸೇರಿದ ವಲಸೆಗಾರನ ಕಡೆ, ನಾವು ಬರೆಯಬೇಕಾದದ್ದು. ಅದು ಸುಲಭದ ಬರಹವಲ್ಲ. ಅದರಲ್ಲಿ ನಾವು ಬರೀ ನೊಂದವರಾಗಿ ಉಳಿಯಲು ಬರುವುದಿಲ್ಲ. ಎರಡು ಊರಿನ ಸಾಹಿತ್ಯದಲ್ಲಿ ವಲಸೆಗಾರ ಯಾವಾಗಲೂ ಕಳೆದುಕೊಂಡವನು. ಮೂರನೆಯ ಊರಿನಲ್ಲಿ ಅವನು ಇನ್ನೊಬ್ಬರ ಬಾವಿಯ ನೀರು ಕುಡಿದವನೂ ಹೌದು. ನಾವು ಈ ಊರನ್ನು ನೋಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ನನಗೆ ಅನುಮಾನ.

ಅಶೋಕನ ಪಟ್ಟಿಗೆ ಮರಳಿದರೆ, ನಮ್ಮ ಆ ದಿನದ ಯಾತ್ರೆಗೆ ಎಷ್ಟು ಅಂಕ? ದಾನ ಕೊಡಲಿಲ್ಲ. ಧರ್ಮದ ಮಾತೂ ಆಡಲಿಲ್ಲ. ಸುಕೇಳಿಯ ಅಜ್ಜಿಯನ್ನು ಕಂಡೆವು, ಒಬ್ಬ ಮುದುಕರನ್ನು ಕರೆದುಕೊಂಡೂ ಹೋಗಿದ್ದೆ. ಪಾಸಾಗಲು ಸಾಕಾಗದಿರಬಹುದು. ಆದರೆ ಸಂತೋಷ ಹೆಚ್ಚು ಎಂದು ಅವನು ಹೇಳಿದ್ದು ಸುಳ್ಳಲ್ಲ. ಮಧ್ಯಾಹ್ನ ವಸಾಯಿ ರೋಡಿನ ಒಂದು ಶೆಟ್ಟರ ಹೋಟೆಲಿನಲ್ಲಿ ಊಟ ಮಾಡಿದೆವು. ಗಲ್ಲೆಯಲ್ಲಿದ್ದವರು ನಮ್ಮ ಮಾತು ಕೇಳಿ ಕನ್ನಡದಲ್ಲಿ ಮಾತಾಡಿಸಿದರು. ಕೋಟೆಗೆ ಹೋಗಿ ಬಂದೆವು ಅಂದಾಗ, ‘ನಾನು ಬಂದು ಇಪ್ಪತ್ತೆರಡು ವರ್ಷ ಆಯ್ತು ಮಾರಾಯ್ರೆ, ಇನ್ನೂ ಹೋಗ್ಲಿಕ್ಕೆ ಆಗ್ಲಿಲ್ಲ’ ಅಂದರು. ಅವರ ನಗುವಿನಲ್ಲಿ ನಾಚಿಕೆ ಇರಲಿಲ್ಲ, ಬರೀ ದಣಿವಿತ್ತು. ಅವರ ಬಗ್ಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುವವರಿಗೆ ಕೋಟೆ ಯಾವಾಗ? ಆದರೆ ಅವರ ಇಪ್ಪತ್ತೆರಡು ವರ್ಷ ಕನ್ನಡದ ಯಾವ ಪುಟದಲ್ಲಿದೆ ಎಂಬ ಪ್ರಶ್ನೆಯನ್ನು ಕೇಳಬಹುದು. ಅದನ್ನು ಬರೆಯುವವರಿಗೆ ರಜೆ ಇದೆ, ಪಾಸೂ ಇದೆ.

ಸಂಜೆ ಮರಳುವ ಗಾಡಿಯಲ್ಲಿ ಅಪ್ಪ ಎದುರಿನ ಹುಡುಗನ ಜೊತೆ ತಮ್ಮ ಹಿಂದಿಯಲ್ಲಿ ಮಾತಿಗಿಳಿದರು. ಅವನು ‘ಎಲ್ಲಿಗೆ ಹೋಗಿದ್ದಿರಿ’ ಎಂದು ಕೇಳಿದ. ಅಪ್ಪ ನನ್ನ ಕಡೆ ಕೈ ತೋರಿಸಿ, ‘ಇವನ ಊರಿಗೆ’ ಅಂದರು. ಹುಡುಗ ನನ್ನನ್ನು ನೋಡಿ ಯಾವ ಊರು ಎಂದು ಕೇಳಿದ.

‘ಸೋಪಾರ’ ಅಂದೆ.